ಮನೆಯ ಮಗ ಸಲಿಂಗಿ ಎಂದು ಗೊತ್ತಾದಾಗ: ಉತ್ತರ ಕನ್ನಡದ ಮನೆಗಳಿಗೊಂದು ಮಾರ್ಗದರ್ಶಿ

2014ರ ಡಿಸೆಂಬರ್, ಅಡಿಕೆ ಕೊಯ್ಲಿನ ದಿನಗಳು. ಶಿರಸಿ ಹತ್ತಿರದ ನನ್ನ ತವರಿನ ಜಗಲಿಯಲ್ಲಿ ರಾತ್ರಿ ಅಡಿಕೆ ಸುಲಿಯುತ್ತಿದ್ದೆವು. ಸುಲಿಯಲು ಬಂದ ಹೆಂಗಸರು ಎದ್ದು ಹೋಗಿದ್ದರು, ಆಯಿ ಒಳಗೆ ಮಲಗಿದ್ದಳು. ಮೆಟ್ಟುಗತ್ತಿಯ ಮುಂದೆ ನಾನು, ತಮ್ಮ ಇಬ್ಬರೇ. ಅವನು ಒಂದೇ ಅಡಿಕೆಯನ್ನು ಬಹಳ ಹೊತ್ತು ಕೈಯಲ್ಲಿ ತಿರುಗಿಸುತ್ತ ಕೂತಿದ್ದ. "ಅಕ್ಕಾ, ಯನ್ನ ಜಾತಕ ಯಾರಿಗೂ ಕೊಡದು ಬ್ಯಾಡ ಹೇಳಿ ಆಯಿಗೆ ನೀನೇ ಹೇಳು" ಅಂದ. ಎಂತಕ್ಕೆ ಅಂತ ಕೇಳಿದೆ. "ಯಂಗೆ ಹುಡ್ಗೀರ ಮೇಲೆ ಮನಸು ಬತ್ತಿಲ್ಲೆ. ಸಣ್ಣಿದ್ದಾಗಿಂದೂ ಹಿಂಗೇಯ."

ನನ್ನ ಬಾಯಿಂದ ಬಂದ ಮೊದಲ ಮಾತು, "ಬೇರೆ ಯಾರಿಗಾದ್ರೂ ಹೇಳಿದ್ಯ?" ಅವನು ತಲೆ ತಗ್ಗಿಸಿ ಮತ್ತೆ ಸುಲಿಯಲು ಶುರುಮಾಡಿದ. ಹಿಂದಿನ ವರ್ಷವಷ್ಟೇ, 2013ರ ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಮತ್ತೆ ಊರ್ಜಿತಗೊಳಿಸಿತ್ತು. ಆ ಸುದ್ದಿಯ ಪೇಪರ್ ತುಂಡನ್ನು ಅವನು ಪರ್ಸಿನಲ್ಲಿ ಮಡಚಿ ಇಟ್ಟುಕೊಂಡಿದ್ದ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ದಿನಗಳ ಮೇಲೆ. ಅವನ ಹೆದರಿಕೆ ಅಷ್ಟಿದ್ದಾಗ ನಾನು ಕೇಳಿದ್ದು ಊರವರ ಬಗ್ಗೆ. ಆ ರಾತ್ರಿ ನನಗೆ ಗೊತ್ತಿರಬೇಕಿತ್ತು ಎಂದು ಈಗ ಅನ್ನಿಸುವುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನೀವೇ ಸಲಿಂಗಿಯಾಗಿದ್ದರೂ ಸರಿ, ನಿಮ್ಮ ಮಗನೋ ಮಗಳೋ ತಂಗಿಯೋ ಗೆಳೆಯನೋ ಆಗಿದ್ದರೂ ಸರಿ, ನಿಮಗೆ ಬೇಕಾದಷ್ಟನ್ನು ತೆಗೆದುಕೊಳ್ಳಿ.

ಮೊದಲು ಒಬ್ಬರನ್ನು ಹುಡುಕಿ, ಒಬ್ಬರನ್ನೇ

ನಮ್ಮ ಜಿಲ್ಲೆಯಲ್ಲಿ ಗುಟ್ಟು ಉಳಿಯುವುದು ಕಷ್ಟ. ಕುಮಟಾದ ಡಾಕ್ಟರು ದೊಡ್ಡಪ್ಪನ ಮಗನ ಕ್ಲಾಸ್‌ಮೇಟ್ ಆಗಿರುತ್ತಾರೆ, ಅಂಕೋಲಾದ ಮೆಡಿಕಲ್ ಶಾಪಿನವರು ಅತ್ತೆಯ ಕಡೆಯ ನೆಂಟರಾಗಿರುತ್ತಾರೆ, ಬಸ್ಸಿನ ಕಂಡಕ್ಟರಿಗೂ ನೀವು ಯಾರ ಮನೆಯ ಹುಡುಗ ಎಂದು ಗೊತ್ತಿರುತ್ತದೆ. ಅದಕ್ಕೇ ಮನೆಯವರಿಗೆಲ್ಲ ಒಟ್ಟಿಗೆ ಹೇಳಿಬಿಡುವ ಯೋಚನೆ ಬೇಡ. ಒಬ್ಬರು ಸಾಕು.

ಆ ಒಬ್ಬರು ನಿಮ್ಮನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರೇ ಆಗಬೇಕೆಂದಿಲ್ಲ. ಪ್ರೀತಿ ಜಾಸ್ತಿ ಇರುವವರೇ ಎಷ್ಟೋ ಸಲ ಗಾಬರಿಯಾಗಿ ನಾಲ್ಕು ಕಡೆ ಫೋನು ಮಾಡುತ್ತಾರೆ. ಬಾಯಿ ಗಟ್ಟಿ ಇರುವವರನ್ನು ಆರಿಸಿಕೊಳ್ಳಿ. ಅವರು ಬೇರೆಯವರ ಮನೆಯ ಗುಟ್ಟನ್ನು ನಿಮ್ಮ ಮುಂದೆ ಆಡುತ್ತಾರೆಯೇ ಎಂದು ಗಮನಿಸಿದರೆ ಸಾಕು, ನಿಮ್ಮದನ್ನು ಏನು ಮಾಡುತ್ತಾರೆ ಎಂದು ತಿಳಿಯುತ್ತದೆ. ಇನ್ನೊಂದು ಉಪಾಯವೂ ಉಂಟು. ಚಾ ಕುಡಿಯುವಾಗ ಟೀವಿಯಲ್ಲೋ ಪೇಪರಿನಲ್ಲೋ ಬಂದ ಇಂಥದ್ದೇ ಸುದ್ದಿಯನ್ನು ಸುಮ್ಮನೆ ಎತ್ತಿ ನೋಡಿ. ಅಸಹ್ಯ ಪಟ್ಟರೋ, "ಅವರವರ ಬದುಕು" ಅಂದರೋ, ಮಾತು ಬದಲಿಸಿದರೋ? ಮಾತು ಬದಲಿಸಿದವರನ್ನು ಕೂಡಲೇ ಕೈಬಿಡಬೇಡಿ, ಅವರಿಗೆ ಬರೀ ಮುಜುಗರವಾಗಿರಬಹುದು.

ಹೇಳುವ ಹೊತ್ತು, ಜಾಗ ಮುಖ್ಯ. ಮದುವೆ ಮನೆ, ತಿಥಿ, ಜಾತ್ರೆಯ ಗಡಿಬಿಡಿಯಲ್ಲಿ ಬೇಡ. ಜಗಳದ ನಡುವೆ ಅಂತೂ ಬೇಡವೇ ಬೇಡ. ನಡೆಯುತ್ತ ಹೇಳುವುದು ಸುಲಭ, ಮುಖ ನೋಡಬೇಕಾಗುವುದಿಲ್ಲ. ತೋಟದ ದಾರಿ ಆಗುತ್ತದೆ. ಕಾರವಾರದವರಾದರೆ ಸಂಜೆಯ ಟಾಗೋರ್ ಬೀಚ್ ಒಳ್ಳೆಯದು, ಅಲೆಯ ಸದ್ದಿನಲ್ಲಿ ಪಕ್ಕದವರಿಗೆ ಮಾತು ಕೇಳಿಸುವುದಿಲ್ಲ. ವಾಟ್ಸಾಪಿನಲ್ಲಿ ಬರೆದು ಕಳಿಸಬೇಡಿ. ಬರೆದದ್ದು ಒಂದು ಬೆರಳಿನ ಒತ್ತಿಗೆ ಕುಟುಂಬದ ಗ್ರೂಪಿಗೆ ಹೋಗುತ್ತದೆ.

ಕಾಲೇಜಿನ ಫೀಸು, ಊಟ, ವಸತಿ ಎಲ್ಲ ಮನೆಯವರ ಕೈಯಲ್ಲೇ ಇದ್ದು, ಮನೆಯಲ್ಲಿ ಕೈ ಎತ್ತುವವರಿದ್ದರೆ, ನಿಮ್ಮ ಕಾಲ ಮೇಲೆ ನೀವು ನಿಲ್ಲುವ ತನಕ ಹೇಳದೆ ಇರುವುದೂ ಸರಿಯಾದ ತೀರ್ಮಾನವೇ. ಅದು ಮೋಸ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ಕೇಳಿಸಿಕೊಂಡವರು ಮಾಡಬೇಕಾದ್ದು

ಮಾತು ನಿಮ್ಮ ಕಿವಿಗೆ ಬಿದ್ದ ಮೊದಲ ಐದು ನಿಮಿಷವನ್ನು ಹೇಳಿದವರು ಜನ್ಮಪೂರ್ತಿ ಮರೆಯುವುದಿಲ್ಲ. ದೊಡ್ಡ ಮಾತೇನೂ ಬೇಡ. "ಹೇಳಿದ್ದು ಒಳ್ಳೇದಾಯ್ತು. ಯಾವಾಗಿಂದ ಒಬ್ಬನೇ ಹೊತ್ಕೊಂಡು ಬಂದಿದ್ದೆ?" ಎಂದು ಕೇಳಿ, ಸುಮ್ಮನೆ ಕೂತುಕೊಳ್ಳಿ. ಯಾರ ಸಹವಾಸ, ಹಾಸ್ಟೆಲಿನಲ್ಲಿ ಏನಾಯಿತು, ಮೊಬೈಲು ನೋಡಿಯೇ ಹೀಗಾಯಿತು ಎಂಬ ವಿಚಾರಣೆ ಬೇಡ. ನಿಮಗೆ ಅಳು ಬಂದರೆ ಅಳಿ, ಆದರೆ ಅವರು ನಿಮ್ಮನ್ನು ಸಮಾಧಾನ ಮಾಡುವಂತಾಗಬಾರದು.

ಯಾರಿಗೆ ಗೊತ್ತು, ಯಾರಿಗೆ ಗೊತ್ತಾಗಬಾರದು ಎಂದು ಕೇಳಿ ಇಟ್ಟುಕೊಳ್ಳಿ. ಗಂಡನಿಗೆ ಹೇಳಬಹುದೇ, ಹೆಂಡತಿಗೆ ಹೇಳಬಹುದೇ ಎಂಬುದನ್ನೂ ಕೇಳಿ. ನಾನು ಕೇಳಲಿಲ್ಲ. ಅವನಿಗೆ ಒಳ್ಳೆಯದಾಗಲಿ ಎಂದು ಒಬ್ಬ ಸಂಬಂಧಿಗೆ ಹೇಳಿದೆ, ಹದಿನೈದು ದಿನದೊಳಗೆ ಅದು ಎರಡು ಊರು ದಾಟಿತು. ತಮ್ಮ ಆ ಸಲದ ದೀಪಾವಳಿಗೆ ಮನೆಗೆ ಬರಲಿಲ್ಲ. ದೊಡ್ಡಬ್ಬದ ಗೋಪೂಜೆಗೆ ಅವನಿಲ್ಲದೆ ಆಯಿ ಒಬ್ಬಳೇ ಕೊಟ್ಟಿಗೆಯಲ್ಲಿ ನಿಂತಿದ್ದು ಇನ್ನೂ ನನ್ನ ಕಣ್ಣ ಮುಂದಿದೆ.

ಮತ್ತೊಂದು ಪ್ರಶ್ನೆಯನ್ನು ಹೆದರದೆ ಕೇಳಲೇಬೇಕು: "ಸಾಯುವ ಯೋಚನೆ ಬಂದಿದ್ದುಂಟಾ?" ಕೇಳುವುದರಿಂದ ಆ ಯೋಚನೆ ತಲೆಗೆ ಹೊಗುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ಹೌದು ಎಂದರೆ ಅವತ್ತು ಒಬ್ಬರನ್ನೇ ಬಿಡಬೇಡಿ. ತೋಟದ ಮನೆಗಳಲ್ಲಿ ಕಳೆನಾಶಕ, ಕೀಟನಾಶಕದ ಡಬ್ಬಿಗಳು ಕೊಟ್ಟಿಗೆಯ ಮೂಲೆಯಲ್ಲೇ ಇರುತ್ತವೆ. ಮೊದಲು ಅವಕ್ಕೆ ಬೀಗ ಹಾಕಿ. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ. 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ್ದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಬೇಕೆಂದಿಲ್ಲ. ಮಕ್ಕಳಾದರೆ 1098 ಕೂಡ ಇದೆ.

ತಂದೆತಾಯಿಗೆ ಅರ್ಥ ಮಾಡಿಸುವುದು

ಮನೆಯಲ್ಲಿ ಇದಕ್ಕೆ ಪದವೇ ಇರುವುದಿಲ್ಲ, ಅದು ಮೊದಲ ತೊಡಕು. ಪತ್ರಿಕೆಯವರು ಬರೆಯುವ 'ಸಲಿಂಗಕಾಮಿ' ಎಂಬ ಮಾತಿನಲ್ಲಿ ಕಾಮವೇ ಮುಂದೆ ಬಂದು ಕೂರುತ್ತದೆ, ಹಿರಿಯರಿಗೆ ಕೇಳಿದೊಡನೆ ಕಿವಿ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಸಲಿಂಗಿ, ಸಲಿಂಗ ಪ್ರೇಮಿ ಎನ್ನಬಹುದು, ಗೇ ಎಂದೂ ಈಗ ರೂಢಿಯಲ್ಲಿದೆ. ನಾನು ಆಯಿಗೆ ಇದ್ಯಾವುದನ್ನೂ ಹೇಳಲಿಲ್ಲ. "ಅವಂಗೆ ಹುಡುಗ್ರನ್ನೇ ಇಷ್ಟ ಆಗ್ತು, ನಿಂಗೆ ಅಪ್ಪಯ್ಯ ಇಷ್ಟ ಆದಾಂಗೇಯ" ಅಂದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು: "ಆನು ಬಸ್ರಿದ್ದಾಗ ಎಂತಾರೂ ತಪ್ಪು ಮಾಡಿದ್ನಾ?"

ಹೆಚ್ಚುಕಡಿಮೆ ಎಲ್ಲ ತಾಯಂದಿರ ಮನಸ್ಸಿನಲ್ಲೂ ಈ ಪ್ರಶ್ನೆ ಇರುತ್ತದೆ, ಕೇಳದಿದ್ದರೂ ನೀವೇ ಉತ್ತರಿಸಿಬಿಡಿ. ಬಸಿರಲ್ಲಿ ತಿಂದಿದ್ದರಿಂದಲೋ, ಮುದ್ದು ಮಾಡಿ ಬೆಳೆಸಿದ್ದರಿಂದಲೋ, ಅಪ್ಪ ಬೇಗ ತೀರಿಕೊಂಡಿದ್ದರಿಂದಲೋ ಯಾರೂ ಸಲಿಂಗಿಯಾಗುವುದಿಲ್ಲ. ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಅದನ್ನೇ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. ಅಪ್ಪಯ್ಯನಂಥ ಪೇಪರು ಓದುವ ಗಂಡಸರಿಗೆ ಈ ತಾರೀಕುಗಳು ಬೇಕಾಗುತ್ತವೆ. ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಎಂಬ ಭಯ ಅವರಿಗೆ ಇನ್ನೂ ಇರುತ್ತದೆ.

"ಹಾಗಾದರೆ ಸೀರೆ ಉಡುತ್ತಾನಾ?" ಎಂದು ಕೇಳುವವರಿದ್ದಾರೆ. ತಾನು ಗಂಡೋ ಹೆಣ್ಣೋ ಎಂಬುದು ಒಂದು, ಯಾರ ಮೇಲೆ ಮನಸ್ಸಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಟ್ರಾನ್ಸ್‌ಜೆಂಡರ್ ಜನರ ಮಾತು, ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ ಪದ್ಮಶ್ರೀ ಮಂಜಮ್ಮ ಜೋಗತಿಯವರನ್ನು ಹಿರಿಯರಿಗೂ ಗೊತ್ತಿರುತ್ತದೆ. ಇಬ್ಬರಿಗೂ ಗೌರವ ಬೇಕು, ಗೊಂದಲ ಬೇಡ. ಮನೆಯಲ್ಲಿ 'ಒಂಬತ್ತು' ಎಂದು ಹಂಗಿಸುವ ತಮಾಷೆ ಇದ್ದರೆ ಇವತ್ತೇ ನಿಲ್ಲಿಸಿ. ಬಡಗುತಿಟ್ಟಿನ ಯಕ್ಷಗಾನದ ಸ್ತ್ರೀವೇಷಕ್ಕೆ ಬೆಳಗಿನ ತನಕ ಚಪ್ಪಾಳೆ ಹೊಡೆಯುವ ನಾವು, ಹುಡುಗನೊಬ್ಬನ ನಡಿಗೆ ಸ್ವಲ್ಪ ಮೆತ್ತಗಿದ್ದರೆ ಅವನನ್ನು ನಗೆಪಾಟಲು ಮಾಡುತ್ತೇವೆ. ಅಂಥ ಒಂದೊಂದು ನಗುವನ್ನೂ ಪಕ್ಕದಲ್ಲಿ ಕೂತ ಮಗ ಲೆಕ್ಕ ಇಟ್ಟಿರುತ್ತಾನೆ.

ಜೋಯಿಸರ ಹತ್ತಿರ ಪ್ರಶ್ನೆ ಇಡುವುದು, ಶಾಂತಿ ಮಾಡಿಸುವುದು, ಹರಕೆ ಹೊರುವುದು ನಮ್ಮಲ್ಲಿ ಆಗಿಯೇ ಆಗುತ್ತದೆ. ಆಯಿ ಮಾರಿಕಾಂಬೆಯ ಮುಂದೆ ನಿಂತು ಅತ್ತು ಬರುತ್ತೇನೆಂದರೆ ಬೇಡ ಅನ್ನಬೇಡಿ, ಅವಳಿಗೂ ಹೇಳಿಕೊಳ್ಳಲು ಯಾರಾದರೂ ಬೇಕಲ್ಲ. ಆದರೆ 'ಸರಿಮಾಡುವ' ಹೆಸರಿನಲ್ಲಿ ಮಗನಿಗೆ ಉಪವಾಸ ಕೆಡವುವುದು, ಔಷಧಿ ಕುಡಿಸುವುದು, ಹೊಡೆಸುವುದಕ್ಕೆ ಬಿಡಲೇಬಾರದು.

ವೈದ್ಯರ ಹತ್ತಿರ ಹೋಗುವ ಮೊದಲು ಫೋನಿನಲ್ಲಿ ಕೇಳಿ

ಸಲಿಂಗಿಯಾಗಿರುವುದಕ್ಕೆ ಚಿಕಿತ್ಸೆ ಬೇಡ. ಆದರೆ ವರ್ಷಗಟ್ಟಲೆ ಮುಚ್ಚಿಟ್ಟು ನಿದ್ದೆ ಬಾರದೆ, ಊಟ ಸೇರದೆ ಕುಗ್ಗಿದವರಿಗೆ ಆಪ್ತಸಮಾಲೋಚನೆ ಬೇಕಾಗಬಹುದು. ತಂದೆತಾಯಿಗೂ ಬೇಕಾಗಬಹುದು. ನಾವು ಗಡಿಬಿಡಿಯಲ್ಲಿ ದೂರದ ಶಹರದ ಒಬ್ಬ ವೈದ್ಯರ ಹತ್ತಿರ ಹೋದೆವು. ತಮ್ಮನನ್ನು ಹೊರಗೆ ಕೂರಿಸಿ, "ಮದುವೆ ಮಾಡಿ, ಆರು ತಿಂಗಳಲ್ಲಿ ಎಲ್ಲ ಸರಿಯಾಗುತ್ತದೆ" ಎಂದು ನಮಗೆ ಹೇಳಿ ಮಾತ್ರೆ ಬರೆದುಕೊಟ್ಟರು. ವಾಪಸು ಬರುವ ಬಸ್ಸಿನಲ್ಲಿ ತಮ್ಮ ಆ ಚೀಟಿಯನ್ನು ಸಣ್ಣ ಸಣ್ಣ ಚೂರು ಮಾಡಿ ಕಿಟಕಿಯಿಂದ ಬಿಟ್ಟ.

ಅದಕ್ಕೇ ಹೇಳುತ್ತೇನೆ, ಅಪಾಯಿಂಟ್‌ಮೆಂಟಿಗೆ ಮೊದಲು ಫೋನು ಮಾಡಿ ಎರಡೇ ಪ್ರಶ್ನೆ ಕೇಳಿ. "ಸಲಿಂಗಿಯಾಗಿರುವುದನ್ನು ನೀವು ಕಾಯಿಲೆ ಅಂತ ನೋಡುತ್ತೀರಾ?" "ಹೇಳಿದ್ದನ್ನು ಮನೆಯವರಿಗೂ ಹೇಳುತ್ತೀರಾ?" ಎರಡಕ್ಕೂ ಇಲ್ಲ ಎಂಬ ನೇರ ಉತ್ತರ ಬರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಲೈಂಗಿಕ ಒಲವಿನ ಕಾರಣಕ್ಕೆ ಭೇದ ಮಾಡಬಾರದು ಎಂದು ಹೇಳುತ್ತದೆ, ರೋಗಿಯ ಮಾತು ಗುಟ್ಟಾಗಿರಬೇಕು ಎಂದೂ ಹೇಳುತ್ತದೆ. ಮದ್ರಾಸ್ ಹೈಕೋರ್ಟಿನ 2021ರ ಆದೇಶದ ಬೆನ್ನಿಗೆ, ಒಲವನ್ನು ಬದಲಿಸುವ 'ಕನ್ವರ್ಶನ್ ಥೆರಪಿ' ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಯಾರಾದರೂ ಕರೆಂಟು, ಇಂಜೆಕ್ಷನ್, ಮದುವೆ ಎಂದರೆ ಎದ್ದು ಬನ್ನಿ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಎಲ್ಲಿಗೆ ಹೋಗುವುದು? ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಂದರೆ ಕ್ರಿಮ್ಸ್ ಇದೆ. 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ವ್ಯವಸ್ಥೆಯುಂಟು, ಹೋಗುವ ಮೊದಲು ವಿಚಾರಿಸಿಕೊಳ್ಳಿ. ಪರಿಚಯದವರು ಕಾಣುತ್ತಾರೆಂಬ ಅಂಜಿಕೆ ಇದ್ದರೆ ನಮ್ಮ ಭೂಗೋಳವೇ ಸಹಾಯಕ್ಕೆ ಬರುತ್ತದೆ. ಘಟ್ಟದ ಮೇಲಿನವರು ದೇವಿಮನೆ ಇಳಿದು ಕರಾವಳಿಗೆ ಬನ್ನಿ, ಕರಾವಳಿಯವರು ಮೇಲೆ ಹೋಗಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಶಿರಸಿ, ಯಲ್ಲಾಪುರದವರಿಗೆ ಒಂದೇ ದಿನದಲ್ಲಿ ಹೋಗಿ ಬರುವ ದಾರಿ.

ತನ್ನಂಥವರು ಇದ್ದಾರೆ ಎಂದು ತಿಳಿಯುವುದು

ತಮ್ಮ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಒಂದು ಭಾನುವಾರ ಫೋನು ಮಾಡಿ, "ಅಕ್ಕಾ, ಇವತ್ತು ನಲವತ್ತು ಜನ ಒಂದೇ ರೂಮಿನಲ್ಲಿ" ಅಂದ. ಅವನ ದನಿಯಲ್ಲಿ ಅಷ್ಟು ಹಗುರ ನಾನು ಅದುವರೆಗೆ ಕೇಳಿರಲಿಲ್ಲ. ಬೆಂಗಳೂರಿನಲ್ಲಿ 'ಗುಡ್ ಆ್ಯಸ್ ಯು' ಬಳಗ 1994ರಲ್ಲೇ ಹುಟ್ಟಿದೆ, ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿಗಾಗಿ ದುಡಿಯುವ 'ಸಂಗಮ' 1999ರಲ್ಲಿ. 2008ರಿಂದ ಅಲ್ಲಿ ಪ್ರೈಡ್ ಮೆರವಣಿಗೆ ನಡೆಯುತ್ತ ಬಂದಿದೆ. ಊರು ಬಿಟ್ಟು ಹೋಗಲಾಗದವರು ಮೊದಲು ಫೋನಿನಲ್ಲಿ, ಆನ್‌ಲೈನ್ ಭೇಟಿಗಳಲ್ಲಿ ಸೇರಿಕೊಳ್ಳಬಹುದು.

ಡೇಟಿಂಗ್ ಆ್ಯಪ್‌ಗಳ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಪ್ರೀತಿಯ ಮಾತಾಡಿ, ಒಂಟಿ ಜಾಗಕ್ಕೆ ಕರೆದು, ವಿಡಿಯೋ ಮಾಡಿಕೊಂಡು ದುಡ್ಡು ಕೀಳುವವರಿದ್ದಾರೆ. ಮುಖ, ಊರು, ಮನೆತನದ ಹೆಸರು ಹಾಕಬೇಡಿ. ಮೊದಲ ಸಲ ಜನ ಇರುವ ಹೋಟೆಲಿನಲ್ಲೇ ಸಿಗಿ, ಆ ನಿಮ್ಮ 'ಒಬ್ಬರಿಗೆ' ಎಲ್ಲಿದ್ದೀರಿ ಎಂದು ತಿಳಿಸಿಡಿ. ಬೆದರಿಕೆ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಮೆಸೇಜುಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಹೇಳಿ. ಸುಲಿಗೆ ಅಪರಾಧ, ನೀವು ಸಲಿಂಗಿಯಾಗಿರುವುದು ಅಪರಾಧವಲ್ಲ.

ಮದುವೆಯ ಒತ್ತಾಯ

ಹವ್ಯಕರಲ್ಲಿ ತೋಟ ನೋಡಿಕೊಂಡು ಊರಲ್ಲಿರುವ ಎಷ್ಟೋ ಹುಡುಗರಿಗೆ ನಲವತ್ತಾದರೂ ಮದುವೆಯಾಗಿಲ್ಲ, ಹೆಣ್ಣು ಸಿಗುವುದಿಲ್ಲ. ಇದರ ಮರೆಯಲ್ಲಿ ಕೆಲವರು ಪ್ರಶ್ನೆಗಳಿಂದ ತಪ್ಪಿಸಿಕೊಂಡು ಬದುಕುತ್ತಿದ್ದಾರೆ. ಆದರೆ ಇದೇ ಕಾರಣಕ್ಕೆ, ಒಂದು ಸಂಬಂಧ ಕೂಡಿ ಬಂತೆಂದರೆ ಬಿಡಬಾರದು ಎಂಬ ಒತ್ತಡವೂ ಜಾಸ್ತಿ. ಹುಡುಗಿಯರ ಪಾಡು ಬೇರೆ: ಅವರಿಗೆ ಸಂಬಂಧಗಳು ಬರುವುದು ನಿಲ್ಲುವುದೇ ಇಲ್ಲ, 'ಬೇಡ' ಎನ್ನಲು ದಿನಕ್ಕೊಂದು ಕಾರಣ ಹುಡುಕಬೇಕು. ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಮಾತನ್ನು ಮನೆಯಲ್ಲಿ ಯಾರೂ ನಂಬುವುದೂ ಇಲ್ಲ.

ತಂದೆತಾಯಂದಿರಿಗೆ ಕೈ ಮುಗಿದು ಹೇಳುತ್ತೇನೆ, ಗೊತ್ತಿದ್ದೂ ಮದುವೆ ಮಾಡಬೇಡಿ. ನಿಮ್ಮ ಮಗನ ಕಷ್ಟದ ಜೊತೆ ಏನೂ ಅರಿಯದ ಇನ್ನೊಬ್ಬರ ಮಗಳ ಬದುಕೂ ಹಾಳಾಗುತ್ತದೆ, ಅವಳು ತನ್ನಲ್ಲೇ ಏನೋ ಕೊರತೆ ಇದೆ ಎಂದು ಕೊರಗುತ್ತಾಳೆ. ಮಕ್ಕಳಿಗೆ ನನ್ನ ಸಲಹೆ: "ಈಗ ಬೇಡ" ಎನ್ನಬೇಡಿ, ಅದು ಮುಂದಿನ ಮಾಘಕ್ಕೆ ಮತ್ತೆ ಬರುತ್ತದೆ. "ಮದುವೆಯಾಗುವುದಿಲ್ಲ, ಅಕ್ಕನ ಹತ್ತಿರ ಕೇಳಿ" ಎಂದು ನಿಮ್ಮ ಆ ಒಬ್ಬರ ಕಡೆ ತೋರಿಸಿ. ನಮ್ಮಲ್ಲಿ ಆ ಜವಾಬ್ದಾರಿ ನಾನು ಹೊತ್ತೆ, ಜಾತಕ ಕೇಳಿದವರಿಗೆಲ್ಲ ಉತ್ತರ ಕೊಟ್ಟವಳು ನಾನೇ.

ಮನೆಯೇ ಅಪಾಯವಾದರೆ

ಹೊಡೆತ, ಕೂಡಿ ಹಾಕುವುದು, ಫೋನು ಕಿತ್ತುಕೊಳ್ಳುವುದು ಶುರುವಾದರೆ 112ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ 181 ಇದೆ. ಹದಿನೆಂಟು ತುಂಬಿದವರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಮನೆಯಲ್ಲಿ ಹಿಡಿದಿಡುವ ಅಧಿಕಾರ ತಂದೆತಾಯಿಗೂ ಇಲ್ಲ. ಕಾಣೆಯಾಗಿದ್ದಾರೆಂದು ಮನೆಯವರು ದೂರು ಕೊಟ್ಟರೆ ಅಡಗಬೇಡಿ, ವಕೀಲರ ಮೂಲಕ "ನನ್ನ ಇಚ್ಛೆಯಿಂದ ಬಂದಿದ್ದೇನೆ" ಎಂದು ಠಾಣೆಗೆ ಲಿಖಿತವಾಗಿ ತಿಳಿಸಿ. ಹೇಬಿಯಸ್ ಕಾರ್ಪಸ್ ಅರ್ಜಿಗಳು, ಅಂದರೆ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಅರ್ಜಿಗಳು ಬಂದಾಗ ಅಂಥವರನ್ನು ಖಾಸಗಿಯಾಗಿ ಮಾತಾಡಿಸಬೇಕು, ಒಲವು ಬದಲಿಸಲು ಕೌನ್ಸೆಲಿಂಗಿಗೆ ಕಳಿಸಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಕೋರ್ಟುಗಳಿಗೆ ಸೂಚಿಸಿದೆ. ನಮ್ಮ ಜಿಲ್ಲೆಯ ಅಂಥ ಅರ್ಜಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತದೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೊದಲೇ ಒಂದು ಕಡೆ ಇಟ್ಟುಕೊಂಡಿರಿ. ಪ್ರತಿಗಳನ್ನು ನಂಬಿದವರ ಬಳಿ ಕೊಟ್ಟಿಡಿ.

ಜೋಡಿಯಾಗಿ ಬದುಕುವವರ ಕಾಗದಪತ್ರ

ಮದುವೆಯ ಹಕ್ಕು ಕಾನೂನಿನಲ್ಲಿ ಇಲ್ಲ, ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪು ಅದನ್ನು ಸಂಸತ್ತಿಗೆ ಬಿಟ್ಟಿತು. ಹಾಗಾಗಿ ಒಂದೊಂದೇ ಕಾಗದ ಮಾಡಿಸಿಕೊಳ್ಳಬೇಕು. ಸಂಗಾತಿಯ ಜೊತೆ ಜಂಟಿ ಖಾತೆ ತೆರೆಯಲು, ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಕೌಂಟರಿನವರಿಗೆ ಗೊತ್ತಿರದಿದ್ದರೆ ತೋರಿಸಲು ಅದರ ಪ್ರತಿ ಒಯ್ಯಿರಿ. ನಾಮಿನಿ ಹಣ ಪಡೆಯಬಹುದು, ಆದರೆ ವಾರಸುದಾರನಾಗುವುದಿಲ್ಲ, ಅದಕ್ಕೆ ಮರಣಶಾಸನ ಬೇಕು. ಇಬ್ಬರು ಸಾಕ್ಷಿಗಳ ಸಹಿ ಸಾಕು, ನೋಂದಣಿ ಮಾಡಿಸಿದರೆ ಒಳ್ಳೆಯದು. ಪಿತ್ರಾರ್ಜಿತ ತೋಟದಲ್ಲಿ ನಿಮ್ಮ ಪಾಲನ್ನು ಮಾತ್ರ ಬರೆಯಬಹುದು. ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಮಾನಸಿಕ ಚಿಕಿತ್ಸೆಯ ಹೊತ್ತಿಗೆ ನಿಮ್ಮ ಪರವಾಗಿ ನಿಲ್ಲುವವರು ಇಂಥವರು ಎಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿಟ್ಟರೂ ನಡೆಯುತ್ತದೆ.

ತಾಯಿಗೆ ಇನ್ನೊಬ್ಬ ತಾಯಿ

ಮಗನಿಗೆ ನಾನಿದ್ದೆ. ಆಯಿಗೆ ಯಾರೂ ಇರಲಿಲ್ಲ, ಅದು ನನಗೆ ತಡವಾಗಿ ಹೊಳೆಯಿತು. ಮಗ ಹತ್ತು ವರ್ಷ ಯೋಚಿಸಿ ಹೇಳಿದ್ದನ್ನು ಅವಳು ಹತ್ತು ದಿನದಲ್ಲಿ ಒಪ್ಪಬೇಕೆಂದು ನಾವು ಹಟ ಹಿಡಿದಿದ್ದೆವು. ತಂದೆತಾಯಂದಿರದ್ದೇ ಬಳಗಗಳಿವೆ, ಮುಂಬೈಯಲ್ಲಿ ಶುರುವಾದ 'ಸ್ವೀಕಾರ್' ಅಂಥದ್ದು. 2023ರಲ್ಲಿ ಅದರ ನಾನೂರಕ್ಕೂ ಹೆಚ್ಚು ತಂದೆತಾಯಿಗಳು ಮಕ್ಕಳ ಮದುವೆಯ ಹಕ್ಕಿಗಾಗಿ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದಿದ್ದರು. ಹಿಂದಿ, ಇಂಗ್ಲಿಷ್ ಬಾರದ ತಾಯಂದಿರಿಗೆ ಅದು ದೂರವೆನಿಸಿದರೆ, ಮಗನ ಗೆಳೆಯರಲ್ಲೇ ಕೇಳಿ: ಮನೆಯಲ್ಲಿ ಒಪ್ಪಿರುವ, ಕನ್ನಡವೋ ಕೊಂಕಣಿಯೋ ಮಾತಾಡುವ ತಾಯಿ ಯಾರಾದರೂ ಇದ್ದಾರಾ? ನಮಗೆ ಹಾಗೆ ಒಬ್ಬರು ಸಿಕ್ಕರು. ಆಯಿ ಮತ್ತು ಅವರು ಮೊದಲ ಸಲ ಮುಕ್ಕಾಲು ತಾಸು ಮಾತಾಡಿದರು, ಅದರಲ್ಲಿ ಅರ್ಧ ಮಂಡಿನೋವಿನ ಬಗ್ಗೆ.

ಮುಂದಿನ ಚೌತಿಗೆ ತಮ್ಮ ಫೋನು ಮಾಡಿ, ಗೆಳೆಯನನ್ನು ಕರೆದುಕೊಂಡು ಬರಲಾ ಎಂದು ಕೇಳಿದ. ಆಯಿ ಚಕ್ಕುಲಿ ಹಿಟ್ಟು ನಾದುತ್ತಿದ್ದಳು, ನಾನು ಫೋನನ್ನು ಅವಳ ಕಿವಿಗೆ ಹಿಡಿದಿದ್ದೆ. "ಅಡ್ಡಿಲ್ಲೆ, ಬರ್ಲಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅವಂಗೆ ಖಾರ ಆಗ್ತಾ ಕೇಳು" ಅಂದಳು.